ಎತ್ತಿನ ಚಿತ್ರದ ಟಾನಿಕ್

ಖಂಡೆಪ್ಪನಿಗೆ ಇಂಗ್ಲಿಷ್ ಬರುತ್ತದೆ ಎಂಬುದರಲ್ಲಿ ಕಲಬುರಗಿಯ ಬ್ರಹ್ಮಪುರದ ಓಣಿಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಂಶಯವಿದ್ದವನು ಒಬ್ಬನೇ, ಅವನು ಖಂಡೆಪ್ಪ.

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ಕಾಲ ಹೋದ ಮೇಲೆ, ಅವನು ಗುಮಾಸ್ತನಾಗಿದ್ದ ತಹಸೀಲು ಕಚೇರಿಯಲ್ಲಿ ಉರ್ದು ಕಾಗದಗಳ ಪಕ್ಕದಲ್ಲಿ ಇಂಗ್ಲಿಷ್ ಕಾಗದಗಳು ಬಂದು ಕೂತವು. ಬಲದಿಂದ ಎಡಕ್ಕೆ ಓದುತ್ತಿದ್ದವರೆಲ್ಲ ಈಗ ಎಡದಿಂದ ಬಲಕ್ಕೆ ಓದಬೇಕೆಂದು ಹುಕುಂ ಆಯಿತು. ಖಂಡೆಪ್ಪ ಒಂದು ಬಾಲಬೋಧೆ ಕೊಂಡು ತಂದು ದೊಡ್ಡ ಅಕ್ಷರಗಳನ್ನು ಕಲಿತ. ಸಣ್ಣ ಅಕ್ಷರಗಳನ್ನು ಮುಂದಿನ ವರ್ಷ ನೋಡಿದರಾಯಿತೆಂದು ಬಿಟ್ಟ. ಇಷ್ಟು ಬಂಡವಾಳದ ಮೇಲೆ ಜೇಬಿಗೊಂದು ಪೆನ್ನು ಸಿಗಿಸಿಕೊಂಡು ಓಡಾಡತೊಡಗಿದ. ಓಣಿಯವರು ಇಂಗ್ಲಿಷಿನ ಏನೇ ಸಿಕ್ಕರೂ ಅವನ ಹತ್ತಿರ ತರುತ್ತಿದ್ದರು. ಅವನು ಕಾಗದದ ಮೇಲೆ ಕಣ್ಣಿಟ್ಟು, ತಂದವರ ಮುಖವನ್ನು ಓದಿ ಅರ್ಥ ಹೇಳುತ್ತಿದ್ದ. ಮುಖ ಓದುವುದರಲ್ಲಿ ಅವನು ಪಂಡಿತನೇ ಆಗಿದ್ದರಿಂದ ಎಷ್ಟೋ ಸಲ ಅರ್ಥ ಸರಿಯಾಗಿಯೇ ಇರುತ್ತಿತ್ತು.

ಇಂಥ ವಿದ್ವಾಂಸನಿಗೆ ಆ ವರ್ಷ ಮಳೆಗಾಲದಲ್ಲಿ ಚಳಿಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಖಂಡೆಪ್ಪನ ಮುಕ್ಕಾಲು ಭಾಗ ಒಯ್ದಿತು. ಹೆಂಡತಿ ಶಿವಕಾಂತಮ್ಮ ಚೊಚ್ಚಲ ಬಾಣಂತನಕ್ಕೆ ತವರೂರು ಕಮಲಾಪುರಕ್ಕೆ ಹೋದವಳು ಅಲ್ಲೇ ಇದ್ದಳು. ಕೂಸು ನಗುವುದನ್ನು ಕಲಿತಿತ್ತಂತೆ. ಅದನ್ನು ನೋಡುವ ಆಸೆಗೆ, ಹೆಂಡತಿಯನ್ನು ಕರೆತರಲೆಂದು ಖಂಡೆಪ್ಪ ಇನ್ನೂ ಸರಿಯಾಗಿ ಚೇತರಿಸಿಕೊಳ್ಳದೆಯೇ ಕಮಲಾಪುರದ ಮೋಟಾರು ಹತ್ತಿದ.

ಮಾವ ಅಣವೀರಪ್ಪ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ, ಜೋಳದ ಹೊಲ ಮತ್ತು ಎತ್ತುಗಳನ್ನು ಇಟ್ಟುಕೊಂಡಿದ್ದ ಗಟ್ಟಿ ಕುಳ. ಎತ್ತಿನ ಸಂತೆಯಲ್ಲಿ ಅವನ ಮಾತೇ ಕಡೆಯ ಮಾತು. ಅದೇ ಅಭ್ಯಾಸವಾಗಿ ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದ. ಮೊದಲು ಹೆಗಲು, ಆಮೇಲೆ ಕಾಲು, ತೀರ ಅಗತ್ಯ ಬಿದ್ದರೆ ಮುಖ. ಅಳಿಯನನ್ನು ಅಂಗಳದಲ್ಲೇ ನಿಲ್ಲಿಸಿ ಒಂದು ಸುತ್ತು ಹಾಕಿ ನೋಡಿದ.

"ಗಾಳಿ ಬೀಸಿದ್ರ ನನ್ನ ಮಗಳು ನಿನ್ನ ಹಿಡ್ಕೊಂಡು ನಿಂದ್ರಬೇಕಾಗ್ತದ. ಆಗ ಕೂಸಿನ್ನ ಯಾರು ಹಿಡೀಬೇಕು?" ಎಂದ.

"ಜ್ವರ ಬಂದಿತ್ತರೀ ಮಾವ."

"ಜ್ವರ ಎಲ್ಲಾರಿಗೂ ಬರ್ತದ. ಮೈ ತುಂಬ್ಕೊಂಡು ಬಾ, ಕಳಿಸ್ತೀನಿ. ದೀಪಾವಳಿಗೆ ಹಿಂಗೇ ಬಂದಿ ಅಂದ್ರ, ಒಬ್ಬನೇ ಬಂದಂಗ ಒಬ್ಬನೇ ಹೋಗ್ತಿ."

ಶಿವಕಾಂತಮ್ಮ ಬಾಗಿಲ ಹಿಂದೆ ಕೂಸನ್ನೆತ್ತಿಕೊಂಡು ನಿಂತವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಂಡೆಪ್ಪ ಅದನ್ನು ಕಂಡ. ಅವನಿಗೆ ನಿಜಕ್ಕೂ ದುಃಖವಾಯಿತು. ಕೂಸು ಮಾತ್ರ ಅಪ್ಪನನ್ನು ನೋಡಿ ನಕ್ಕಿತು, ಅದಕ್ಕಿನ್ನೂ ಹೆಗಲು ನೋಡುವ ಬುದ್ಧಿ ಬಂದಿರಲಿಲ್ಲ.

ಊರಿಗೆ ಬಂದವನೇ ಖಂಡೆಪ್ಪ ದವಾಖಾನೆಗೆ ಹೋದ. ಡಾಕ್ಟರು ಒಂದು ಬಾಟ್ಲಿ ಎಣ್ಣೆಯಂಥ ಔಷಧ ಕೊಟ್ಟರು. ಮನೆಯಲ್ಲಿ ಅದರ ಬೂಚು ತೆಗೆದದ್ದೇ ತಡ, ತಾಯಿ ಸೂಗಮ್ಮ ಒಳಗಿನಿಂದ ಮೂಗು ಮುಚ್ಚಿಕೊಂಡು ಬಂದಳು. ಅದು ಮೀನಿನ ಎಣ್ಣೆ ಎಂದು ತಿಳಿದಾಗ ಬಾಟ್ಲಿ ತಿಪ್ಪೆಗೆ ಹೋಯಿತು, ಪಡಸಾಲೆಗೆ ಸೆಗಣಿ ಸಾರಿಸಿದ್ದಾಯಿತು, ಖಂಡೆಪ್ಪನಿಗೆ ತಲೆಮೇಲೆ ನೀರು ಬಿತ್ತು. ಲಿಂಗ ಕಟ್ಟಿಕೊಂಡವರ ಮನೆಯೊಳಗೆ ಮೀನು ಎಣ್ಣೆಯ ವೇಷದಲ್ಲಿ ನುಗ್ಗಿದ್ದು ಸೂಗಮ್ಮನಿಗೆ ರಜಾಕಾರರ ಹಾವಳಿಗಿಂತ ದೊಡ್ಡದಾಗಿ ಕಂಡಿತು.

"ಮೀನು ಬ್ಯಾಡ, ತತ್ತಿ ಬ್ಯಾಡ, ಸೆರೆ ಬ್ಯಾಡ," ಎಂದಳು. "ಇವೇನೂ ಇಲ್ಲದ್ದು ತಗೊಂಡು ಬಾ. ನಿನಗ ಇಂಗ್ರೇಜಿ ಬರ್ತದಲ್ಲ, ಓದಿ ತಗೊ."

ಆ ಕಡೆಯ ಮಾತು ಪಕ್ಕದ ಮನೆಯ ಅಂಬಮ್ಮನಿಗೂ ಕೇಳಿಸಿತು. ಹಾಗಾಗಿ ಓದದೆ ಬೇರೆ ದಾರಿ ಉಳಿಯಲಿಲ್ಲ.

ಗುಲಾಮ್ ರಸೂಲನ ದವಾ ದುಕಾನು ಚೌಕದಲ್ಲಿತ್ತು. ಅಂದು ಅವನು ಅವಸರದಲ್ಲಿದ್ದ. ಹೈದರಾಬಾದಿನಲ್ಲಿ ತಂಗಿಯ ಮಗಳ ಮದುವೆ, ಸ್ಟೇಷನ್ನಿಗೆ ಹೋಗುವ ಟಾಂಗಾ ಬಾಗಿಲಲ್ಲೇ ನಿಂತಿತ್ತು. ಆದರೂ ಗಿರಾಕಿಯ ಮೇಲೆ ಮುಖ ಸಿಂಡರಿಸುವವನಲ್ಲ. ಶಕ್ತಿಯ ಔಷಧಗಳನ್ನು ಸಾಲಾಗಿ ತೆಗೆದಿಟ್ಟ.

ಖಂಡೆಪ್ಪ ಪೆನ್ನು ಸರಿಮಾಡಿಕೊಂಡು ಮೊದಲ ಬಾಟ್ಲಿ ಎತ್ತಿದ. ಮೇಲೆ ಸಣ್ಣ ಅಕ್ಷರಗಳು ಇರುವೆಯಂತೆ ಮುತ್ತಿದ್ದವು, ನಡುವೆ ಒಂದು ಮೀನಿನ ಚಿತ್ರ. ಅವನು ತುಟಿ ಅಲ್ಲಾಡಿಸಿ ಕೊನೆಗೆ, "ಇದರಾಗ ಮೀನು ಅದ," ಎಂದ.

"ಹೌದ್ರಿ," ಎಂದ ಗುಲಾಮ್ ರಸೂಲ್, ಗೌರವದಿಂದ.

ಎರಡನೆಯದರ ಮೇಲೆ ಕೋಳಿ ಇತ್ತು. "ಇದರಾಗ ತತ್ತಿ ಅದ." ಮೂರನೆಯದರ ಮೇಲೆ ದ್ರಾಕ್ಷಿ ಗೊಂಚಲು. ಖಂಡೆಪ್ಪ ನಕ್ಕು, "ಇದು ಸೆರೆ. ಹೆಸರು ಬ್ಯಾರೆ ಇಟ್ಟಾರ," ಎಂದ.

"ವಾಹ್, ಪಢೇಲಿಖೇ ಮಂದಿ ಅಂದ್ರ ಹಿಂಗಿರಬೇಕ್ರಿ," ಎಂದ ಗುಲಾಮ್ ರಸೂಲ್. ಖಂಡೆಪ್ಪನಿಗೂ ತನ್ನ ಮೇಲೆ ಗೌರವ ಬಂತು. ಇಂಗ್ಲಿಷು ಇಷ್ಟು ಸುಲಭವೆಂದು ಅವನಿಗೇ ತಿಳಿದಿರಲಿಲ್ಲ.

ಆಗ ಅವನ ಕಣ್ಣು ಕೆಳಗಿನ ಹಲಗೆಯ ಮೇಲೆ ಬೇರೆಯಾಗಿ ಇಟ್ಟಿದ್ದ ಒಂದು ಎತ್ತರದ ಬಾಟ್ಲಿಯ ಮೇಲೆ ಬಿತ್ತು. ಅದರ ಮೇಲೆ ಬಿಳಿಯ ಎತ್ತು. ತಿದ್ದಿದ ಕೋಡು, ಬೆನ್ನ ಮೇಲೆ ತುಂಬಿದ ಇಣಿ, ಶಾಂತವಾದ ಮುಖ. ಖಂಡೆಪ್ಪ ತನಗರಿವಿಲ್ಲದೆ ಕೈ ಮುಗಿದ. ಶಿವನ ಮುಂದೆ ಕೂಡುವ ನಂದಿಯೇ ಬಾಟ್ಲಿಯ ಮೇಲೆ ಬಂದು ನಿಂತ ಮೇಲೆ ಒಳಗೆ ಅಶುದ್ಧ ಇರುವುದುಂಟೆ?

"ಇದು ಕೊಡ್ರಿ."

"ಅರೆ ಖಂಡೆಪ್ಪಾ ಸಾಬ್, ಅದು ಅಲಗ್ ಅದರಿ. ಅದು..."

"ನಾ ಓದೀನಿ," ಎಂದ ಖಂಡೆಪ್ಪ ಗಂಭೀರವಾಗಿ.

ಓದಿದೆನೆಂದವನಿಗೆ ಓದಿ ಹೇಳುವುದು ಮರ್ಯಾದೆಯಲ್ಲ. ಮನೆಯಲ್ಲಿ ದನ ಕಟ್ಟಿರಬೇಕು ಎಂದುಕೊಂಡ ಗುಲಾಮ್ ರಸೂಲ್ ಬಾಟ್ಲಿ ಕಟ್ಟಿಕೊಟ್ಟು, "ಹಿಟ್ಟಿನ್ಯಾಗ ಕಲಸಿ ಎರಡೂ ಹೊತ್ತು ಕೊಡ್ರಿ," ಎಂದು ಹೇಳಿ, ಬೀಗ ಹಾಕಿ ಟಾಂಗಾ ಹತ್ತಿದ. ಟಾಂಗಾ ಹೋಗುವುದನ್ನು ನೋಡುತ್ತ ಖಂಡೆಪ್ಪ, ಹಿಟ್ಟಿನಲ್ಲಿ ಕಲಸುವುದು ಹೊಸ ಪದ್ಧತಿ ಇರಬೇಕೆಂದುಕೊಂಡ.

ಸೂಗಮ್ಮ ಬಾಟ್ಲಿಯನ್ನು ಕಂಡು ಕಣ್ಣಿಗೊತ್ತಿಕೊಂಡಳು. ಅದು ನೇರ ದೇವರ ಮಾಡಕ್ಕೆ ಹೋಯಿತು. ದಿನಾ ಬೆಳಿಗ್ಗೆ ಎತ್ತಿನ ಹಣೆಗೆ ವಿಭೂತಿ, ಕೋಡಿಗೆ ಕುಂಕುಮ, ತಲೆಯ ಮೇಲೆ ಒಂದು ಪತ್ರಿ. ಲಿಂಗಪೂಜೆ ಮುಗಿಸಿದ ಖಂಡೆಪ್ಪ ಜೋಳದ ಹಿಟ್ಟಿನಲ್ಲಿ ಕಲಸಿದ ಕಪ್ಪನೆಯ ಔಷಧವನ್ನು ಪ್ರಸಾದದಂತೆ ತೆಗೆದುಕೊಳ್ಳುತ್ತಿದ್ದ.

ಆ ಔಷಧದಿಂದ ಬಂದ ಹಸಿವೆಂದರೆ ಎಂಥ ಹಸಿವು. ರೊಟ್ಟಿಯ ಮೂಲೆ ಮುರಿದು ಕೂರುತ್ತಿದ್ದ ಖಂಡೆಪ್ಪ ಈಗ ಬುಟ್ಟಿಯ ತಳ ನೋಡಿಯೇ ಏಳತೊಡಗಿದ. ಸೂಗಮ್ಮ ಒಲೆಯ ಮುಂದಿನಿಂದ ಎದ್ದು ನಿಲ್ಲುವಷ್ಟರಲ್ಲಿ ಮತ್ತೆ ಕೂಡಬೇಕಾಗುತ್ತಿತ್ತು. ಕೋಟಿನ ಗುಂಡಿಗಳು ಹಾರಿದವು. ಕಚೇರಿಯ ಕುರ್ಚಿ ಮೊದಲ ಬಾರಿಗೆ ಅವನ ಇರವನ್ನು ಗಮನಿಸಿ ಕಿರುಗುಟ್ಟಿತು.

ಓಣಿ ಸುಮ್ಮನಿದ್ದೀತೆ? ಅಂಬಮ್ಮ ಸೊಂಟನೋವಿಗೆಂದು ಒಂದು ಚಮಚ ಕೇಳಿ ಒಯ್ದಳು. ಎದುರುಮನೆಯ ಮುದುಕ ದೌಲಪ್ಪ ಮೊಣಕಾಲಿಗೆಂದು ಬಂದ, ಮರುದಿನ ಏನೂ ನೋವಿಲ್ಲದಿದ್ದರೂ ಬಂದ. ಬಾಟ್ಲಿಗೆ ನಂದಿ ಟಾನಿಕ್ ಎಂದು ಹೆಸರು ಬಿತ್ತು. ಬರುವವರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಬಲಗೈ ಕೆಳಗೆ ಎಡಗೈ ಇಟ್ಟು ತೆಗೆದುಕೊಂಡು, ಉಳಿದದ್ದನ್ನು ತಲೆಗೆ ಒರೆಸಿಕೊಂಡು ಹೋಗುತ್ತಿದ್ದರು.

ದೀಪಾವಳಿ ಹತ್ತಿರ ಬಂತು. ಕಮಲಾಪುರಕ್ಕೆ ಹೋಗಲು ರಜೆ ಕೇಳಲೆಂದು ಖಂಡೆಪ್ಪ ಹೆಡ್‌ಕ್ಲಾರ್ಕ್ ಗಲಗಲಿಯವರ ಮುಂದೆ ನಿಂತ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಧಾರವಾಡದ ಕಡೆಯಿಂದ ಬಂದ ಇವರಿಗೆ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೂ ಬರುತ್ತಿತ್ತು. ಅವರು ಕನ್ನಡಕದ ಮೇಲಿನಿಂದ ನೋಡಿ, "ಏನಪಾ, ಭಾಳ ಸುಧಾರಿಸೀದಿ. ಏನ್ ತಗೋತಿ?" ಎಂದರು. ಖಂಡೆಪ್ಪ ಹೆಮ್ಮೆಯಿಂದ ಬಾಟ್ಲಿಯನ್ನೂ ಎತ್ತನ್ನೂ ವರ್ಣಿಸಿದ.

ಗಲಗಲಿಯವರು ಕನ್ನಡಕ ತೆಗೆದರು. "ಎತ್ತಿನ ಚಿತ್ರ ಅಂದಿ? ಮೀನಿನ ಔಷಧಕ್ಕ ಮೀನಿನ ಚಿತ್ರ ಹಾಕ್ತಾರ, ತತ್ತಿದಕ್ಕ ಕೋಳಿ ಚಿತ್ರ ಹಾಕ್ತಾರ. ಎತ್ತಿನ ಚಿತ್ರ ಯಾತಕ್ಕ ಹಾಕ್ತಾರ? ನಾ ಮುಂಬಯಿಯೊಳಗ ನೋಡೇನಿ. ಬಿಳಿ ಮಂದಿ ಎತ್ತಿನ ಮಾಂಸದ ರಸಾ ಇಳಿಸಿ ಬಾಟ್ಲಿ ತುಂಬ್ತಾರ. ನಿಶ್ಶಕ್ತಿಗೆ ಭಾಳ ಛಲೋ ಅಂತಾರಪಾ."

ಖಂಡೆಪ್ಪ ರಜೆ ಕೇಳುವುದನ್ನು ಮರೆತು ಗೋಡೆ ಹಿಡಿದುಕೊಂಡ. ಅವನ ಲೆಕ್ಕವನ್ನೇ ಗಲಗಲಿಯವರು ಅವನ ಮುಂದೆ ಹಿಡಿದಿದ್ದರು, ಎಲ್ಲಿಯೂ ತಪ್ಪಿರಲಿಲ್ಲ.

ಅವನು ಕಾಲೆಳೆದುಕೊಂಡು ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಬಂದು ಕೂತಿತ್ತು. ಸೂಗಮ್ಮ ದೇವರ ಮಾಡಕ್ಕೆ ಬೆನ್ನು ಮಾಡಿ, ಅನ್ನ ನೀರು ಬಿಟ್ಟು, ಗೋಡೆಗೆ ಮುಖ ಹಾಕಿದ್ದಳು. ಓಣಿಯೆಲ್ಲ ಅಂಗಳದಲ್ಲಿ ನಿಂತಿತ್ತು. ವಿಚಿತ್ರವೆಂದರೆ, ಬಾಟ್ಲಿ ಮುಕ್ಕಾಲು ಖಾಲಿಯಾಗಿತ್ತು, ಕುಡಿದವರು ಒಬ್ಬರೂ ಇರಲಿಲ್ಲ.

"ನಾ ಬರೇ ವಾಸನಿ ನೋಡೀನಿ," ಎಂದಳು ಅಂಬಮ್ಮ.

"ನಾ ಕೈಯಾಗ ಇಸಗೊಂಡು ಓಣ್ಯಾಗ ಚೆಲ್ಲೀನಿ," ಎಂದ ದೌಲಪ್ಪ. "ಚೆಲ್ಲಲಿಕ್ಕೇ ದಿನಾ ಬರ್ತಿದ್ದೆ."

ಗೋಡೆಯ ಕಡೆಯಿಂದ ಸೂಗಮ್ಮನ ದನಿ ಬಂತು. "ಓದಿ ತಂದೀನಿ ಅಂದಿಯಲ್ಲ. ಎಲ್ಲಾರ ಮುಂದ ಮತ್ತೊಮ್ಮೆ ಓದು."

ಖಂಡೆಪ್ಪ ಮಾಡದಿಂದ ಬಾಟ್ಲಿ ಇಳಿಸಿದ. ಇಷ್ಟು ದಿನದ ವಿಭೂತಿ, ಕುಂಕುಮ, ದೀಪದ ಎಣ್ಣೆ ಎಲ್ಲ ಸೇರಿ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಎತ್ತೊಂದೇ ಅವನನ್ನು ನೋಡುತ್ತಿತ್ತು. ಇನ್ನು ಇಂಗ್ಲಿಷ್ ಬಲ್ಲ ಗಲಗಲಿಯವರೇ ಬಂದರೂ ಓದುವಂತಿರಲಿಲ್ಲ. ಗುಲಾಮ್ ರಸೂಲನ ದುಕಾನಿಗೆ ಓಡಿಹೋಗಿ ನೋಡಿದರೆ ಬಾಗಿಲಿಗೆ ಬೀಗ, ಮದುವೆಗೆ ಹೋದವನು ನೆಂಟರ ಮನೆಯಲ್ಲೇ ಉಳಿದುಕೊಂಡು ಇನ್ನೂ ಬಂದಿರಲಿಲ್ಲ.

ಮರುದಿನ ಕಮಲಾಪುರದ ಮೋಟಾರಿನ ಡ್ರೈವರು ಓಣಿಯ ತುದಿಯಲ್ಲಿ ನಿಂತು, ಹತ್ತು ಮನೆಗೆ ಕೇಳುವಂತೆ ಹೇಳಿಹೋದ: "ಅಣವೀರಪ್ಪ ಸಾವ್ಕಾರ್ರು ಹೇಳ್ಯಾರ. ಬಾಟ್ಲಿ ತಗೊಂಡು ಬರಬೇಕಂತ."

ಕಮಲಾಪುರದ ಮನೆಯಲ್ಲಿ ಕಂಬಳಿ ಹಾಸಿತ್ತು. ನಡುವೆ ಮಠದ ಅಯ್ಯನವರು, ಸುತ್ತ ಊರ ಹಿರಿಯರು. ಖಂಡೆಪ್ಪ ಅಂಗಳಕ್ಕೆ ಬಂದಾಗ ಅಣವೀರಪ್ಪ ಎದ್ದು ಬಂದು ಹೆಗಲು ನೋಡಿದ, ಕಾಲು ನೋಡಿದ, ಮೆಚ್ಚಿಕೊಂಡು, "ಬರ್ರಿ, ಯಾವೂರಿನವರ್ರಿ?" ಎಂದ. ಆಮೇಲೆ ಮುಖ ನೋಡಿದ. ನೋಡಿದವನ ಮುಖ ಗಂಟಾಯಿತು.

"ಮೈ ಬಂದದ, ಖರೆ," ಎಂದ ಹಿರಿಯರ ಕಡೆ ತಿರುಗಿ. "ಯಾರ ಮೈ ಬಂದದ ಅನ್ನೋದೇ ಪ್ರಶ್ನೆ."

ಬಾಟ್ಲಿಯನ್ನು ಕಂಬಳಿಯ ಮುಂದೆ ಇಟ್ಟರು. ಎಲ್ಲರೂ ಸ್ವಲ್ಪ ಹಿಂದೆ ಸರಿದು ಕೂತರು.

ಅಯ್ಯನವರು ನಿಧಾನವಾಗಿ ಕೇಳಿದರು. "ಖಂಡೆಪ್ಪ, ಇದು ಓದಿ ಕುಡದ್ಯೊ, ಓದದೇ ಕುಡದ್ಯೊ? ಓದಿ ಕುಡದಿದ್ರ ಅದು ತಿಳಿದು ಮಾಡಿದ ಪಾಪ. ಅದಕ್ಕ ನನ್ನ ಹತ್ರ ದಾರಿ ಇಲ್ಲ. ಓದದೇ ಕುಡದಿದ್ರ ವಿಚಾರ ಮಾಡೋಣು."

ಖಂಡೆಪ್ಪ ಬಾಗಿಲ ಕಡೆ ನೋಡಿದ. ಬಾಗಿಲ ಹಿಂದೆ ಸೆರಗಿನ ಅಂಚು ಕಾಣುತ್ತಿತ್ತು, ಅದರ ಕೆಳಗೆ ಕೂಸಿನ ಒಂದು ಕಾಲು. ಜೇಬಿನ ಪೆನ್ನು ಅವನಿಗೆ ಬಹಳ ಭಾರವೆನಿಸಿತು.

"ನನಗ ಇಂಗ್ರೇಜಿ ಬರಂಗಿಲ್ಲರಿ," ಎಂದ. "ದೊಡ್ಡ ಅಕ್ಷರ ಅಷ್ಟೇ ಬರ್ತಾವ. ಅವೂ ಒಂದೊಂದೇ ಬಂದ್ರ ಬರ್ತಾವ, ಕೂಡಿ ಬಂದ್ರ ಗೊತ್ತಾಗಂಗಿಲ್ಲ. ಎತ್ತಿನ ಚಿತ್ರ ನೋಡಿ ತಂದೀನಿ."

ಅಣವೀರಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮೊದಲು ಮೈ ಇರಲಿಲ್ಲ. ಈಗ ಓದೂ ಇಲ್ಲ, ಕುಲಾನೂ ಇಲ್ಲ. ಇನ್ನ ಏನು ನೋಡಿ ಕಳಿಸ್ಲಿ ನಾನು? ಶಿವಕಾಂತಾ ಇಲ್ಲೇ ಇರ್ತಾಳ, ಕೂಸೂ ಇಲ್ಲೇ ಬೆಳೀತದ."

ಅಷ್ಟರಲ್ಲಿ, ಹಿರಿಯರು ಕೂತಲ್ಲಿಗೆ ಎಂದೂ ಬಾರದ ಶಿವಕಾಂತಮ್ಮ ತಲೆಮೇಲೆ ಸೆರಗು ಹೊದ್ದು ಹೊರಗೆ ಬಂದಳು. ಕೂಸನ್ನು ಗಂಡನ ಕೈಗೆ ಕೊಟ್ಟಳು. ಬಾಟ್ಲಿ ಎತ್ತಿ, ಸೆರಗಿನ ತುದಿಯಿಂದ ಎತ್ತಿನ ಮೋರೆಯ ಕುಂಕುಮ ಒರೆಸಿ ನೋಡಿದಳು. ಹಿತ್ತಿಲಿಗೆ ಹೋದಳು. ಹೋದವಳು ಇನ್ನೊಂದು ಬಾಟ್ಲಿ ತಂದು ಅದರ ಪಕ್ಕದಲ್ಲಿಟ್ಟಳು. ಅದೇ ಎತ್ತರ, ಅದೇ ಬಿಳಿ ಎತ್ತು, ಅದೇ ಕೋಡು. ಮೇಲೆ ಬರೀ ಹೊಟ್ಟಿನ ಧೂಳು.

"ಇದೆಲ್ಲಿತ್ತು?" ಎಂದರು ಅಯ್ಯನವರು.

"ನಮ್ಮ ಕೊಟ್ಟಿಗ್ಯಾಗರಿ. ಹೋದ ವರ್ಷ ನಾ ಹಬ್ಬಕ್ಕ ಬಂದಿದ್ನಲ್ಲ, ಆಗ ಕೆಂದ್ಯಾ ಎತ್ತು ಮೇವು ಬಿಟ್ಟಾಗ ದನದ ಡಾಕ್ಟರು ಕೊಟ್ಟದ್ದು. ಎತ್ತಿಗೆ ಹಸಿವಿ ಆಗಲಿ ಅಂತ. ನಾನೇ ಹಿಟ್ಟಿನ್ಯಾಗ ಕಲಸಿ ತಿನಿಸೀನಿ." ಅವಳು ಅಪ್ಪನ ಕಡೆ ತಿರುಗಿದಳು. "ಇದರಾಗ ಏನೇನು ಅದ ಅಂತ ಅವತ್ತು ಡಾಕ್ಟರಿಗೆ ಕೇಳಿದವ ನೀನೇ. ಈಗ ಎಲ್ಲಾರ ಮುಂದ ಹೇಳಪ್ಪ."

ಎಲ್ಲರೂ ಅಣವೀರಪ್ಪನ ಕಡೆ ನೋಡಿದರು. ತನ್ನ ಎತ್ತಿನ ಬಾಯಿಗೆ ಹೊಲಸು ಬೀಳಬಾರದೆಂದು ಅವನು ಅಂದು ದನದ ಡಾಕ್ಟರನ್ನು ಪೊಲೀಸರಿಗಿಂತ ಹೆಚ್ಚಾಗಿ ವಿಚಾರಣೆ ಮಾಡಿದ್ದ. ಊರಿಗೆಲ್ಲ ಅದು ಗೊತ್ತಿತ್ತು. ತೀರ್ಪು ಹೇಳಲು ಕೂತವನು ಸಾಕ್ಷಿ ಹೇಳಬೇಕಾಯಿತು.

"ಅಜವಾನ," ಎಂದ ಅಣವೀರಪ್ಪ ಕೆಮ್ಮಿ. "ಶುಂಠಿ. ಮೆಂತೆ. ಕಬ್ಬಿನ ಕಾಕಂಬಿ. ಉಪ್ಪು."

"ಮತ್ತ?"

"ಮತ್ತೇನೂ ಇಲ್ಲರಿ."

ಅಯ್ಯನವರು ಬಹಳ ಹೊತ್ತು ಎರಡೂ ಬಾಟ್ಲಿಗಳನ್ನು ನೋಡಿದರು. ಅವರ ಗಡ್ಡ ಅಲುಗತೊಡಗಿತು. "ಹುಲ್ಲು ತಿನ್ನೋ ಜೀವಕ್ಕ ಮಾಡಿದ ಔಷಧ," ಎಂದರು. "ಇದಕ್ಕಿಂತ ಶುದ್ಧ ಶಾಕಾಹಾರ ನಮ್ಮ ಮಠದಾಗೂ ಸಿಗಂಗಿಲ್ಲ. ಅಲ್ಲಿ ಒಮ್ಮೊಮ್ಮೆ ಉಳ್ಳಾಗಡ್ಡಿ ಬೀಳ್ತದ." ಇಷ್ಟು ಹೇಳಿ ತಡೆಯಲಾರದೆ ನಕ್ಕುಬಿಟ್ಟರು. ಹಿರಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಖಂಡೆಪ್ಪನಿಗೆ ತಾನು ಇಷ್ಟು ದಿನ ಎತ್ತಿನ ದಾಣಿ ತಿಂದೆನೆಂದು ನಾಚಿಕೆಯಾಗಬೇಕಿತ್ತು. ಆದರೆ ಕುಲ ಉಳಿದ ಸಂತೋಷದಲ್ಲಿ ನಾಚಿಕೆಗೆ ಜಾಗವೇ ಸಿಗಲಿಲ್ಲ.

ಶಿವಕಾಂತಮ್ಮ ಕೂಸನ್ನು ತೆಗೆದುಕೊಳ್ಳುತ್ತ ಮೆಲ್ಲಗೆ ಅಂದಳು. "ಇಂಗ್ರೇಜಿ ಬರಂಗಿಲ್ಲ ಅಂತ ನನಗ ಮದುವ್ಯಾದ ವರ್ಷಾನೇ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಪೆನ್ನು ಛಲೋ ಒಪ್ಪತಿತ್ತು."

ಅಣವೀರಪ್ಪ ಮಾತ್ರ ನಗಲಿಲ್ಲ. ಅವನು ಎದ್ದು ಅಳಿಯನ ಸುತ್ತ ಮತ್ತೊಂದು ಸುತ್ತು ಬಂದ. ಹೆಗಲು ಒತ್ತಿದ, ತೋಳು ಹಿಡಿದ. ಪಡಸಾಲೆಯ ಮೂಲೆಯಲ್ಲಿದ್ದ ಜೋಳದ ಚೀಲ ತೋರಿಸಿ, "ಎತ್ತು," ಎಂದ. ಖಂಡೆಪ್ಪ ಪೆನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟು ಬಗ್ಗಿದ. ಚೀಲ ಮೇಲೆದ್ದಿತು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಖಂಡೆಪ್ಪನೇ, ಇಳಿಸುವುದನ್ನು ಮರೆತು ಅದನ್ನು ಹೊತ್ತು ಬೀದಿಯ ಬಂಡಿಯವರೆಗೆ ಹೋಗಿಬಿಟ್ಟ.

ಚೀಲ ಬಂಡಿಗೆ ಬಿದ್ದ ಸಪ್ಪಳ ಕೇಳಿ ಅಣವೀರಪ್ಪ ರುಮಾಲು ಮತ್ತೆ ಸುತ್ತಿಕೊಂಡ. "ಶಿವಕಾಂತಾ, ಗಂಟು ಕಟ್ಟು. ನಾನೇ ಬಿಟ್ಟು ಬರ್ತೀನಿ," ಎಂದ.

ಮರುದಿನ ಸಂಜೆ ಬ್ರಹ್ಮಪುರದ ಓಣಿಯಲ್ಲಿ ಟಾಂಗಾ ನಿಂತಿತು. ಹೆಂಡತಿ, ಕೂಸು, ಮಾವ, ಒಂದು ಗೊನೆ ಕೆಂಪು ಬಾಳೆಹಣ್ಣು ಎಲ್ಲ ಇಳಿದವು. ಸೂಗಮ್ಮ ಸೊಸೆಯ ಮೇಲೆ ರೊಟ್ಟಿ ನಿವಾಳಿಸಿ ಒಗೆದಳು, ಮೊಮ್ಮಗುವನ್ನು ಎದೆಗೊತ್ತಿಕೊಂಡು ಅತ್ತಳು, ನಡೆದದ್ದನ್ನು ಕೇಳಿ ಎತ್ತಿಗೆ ಮತ್ತೆ ಕುಂಕುಮ ಹಚ್ಚಿದಳು. ಓಣಿಯೂ ಬಂತು. ಈಗ ಕುಡಿಯದವರು ಒಬ್ಬರೂ ಇರಲಿಲ್ಲ.

"ಮೊದಲ ಚಮಚ ತಗೊಂಡಾಕಿ ನಾನೇ," ಎಂದಳು ಅಂಬಮ್ಮ.

"ನೀ ಒಂದೇ ತಗೊಂಡಿ," ಎಂದ ದೌಲಪ್ಪ. "ನಾ ದಿನಾ ತಗೊಂಡೀನಿ. ನನ್ನ ಮೊಣಕಾಲು ನೋಡ್ರಿ ಬೇಕಾದ್ರ." ಯಾರೂ ಅತ್ತ ನೋಡದಿದ್ದರೂ ಅವನು ಧೋತರ ಎತ್ತಿ ತೋರಿಸಿದ.

ಗುಲಾಮ್ ರಸೂಲ್ ಮದುವೆ ಮುಗಿಸಿಕೊಂಡು ಬಂದಿದ್ದ. ಮುಂಜಾನೆ ದುಕಾನಿನ ಬಾಗಿಲು ತೆಗೆದರೆ ಬ್ರಹ್ಮಪುರವೆಲ್ಲ ಅಲ್ಲೇ ನಿಂತಿತ್ತು. ಕೆಳಗಿನ ಹಲಗೆ ನೋಡನೋಡುತ್ತ ಖಾಲಿಯಾಗುತ್ತ ಬಂತು. ಖಂಡೆಪ್ಪ ಮಾವನೊಡನೆ ಮುಂದೆ ಬಂದಾಗ ಅವನು ಬೆವರೊರೆಸಿಕೊಂಡು ಕೇಳಿದ.

"ಖಂಡೆಪ್ಪಾ ಸಾಬ್, ನಾ ಊರಾಗ ಇಲ್ಲದಾಗ ಓಣಿಗೆ ಇಷ್ಟು ಎತ್ತು ಎಲ್ಲಿಂದ ಬಂದ್ವುರೀ?" ಆಮೇಲೆ ಹಿರಿಯನೆಂದು ಅಣವೀರಪ್ಪನ ಕಡೆ ತಿರುಗಿ, "ನಿಮ್ಮ ಮನ್ಯಾಗ ಎಷ್ಟು ಅವರಿ, ಹಿರಿಯಾರ?" ಎಂದ.

ಖಂಡೆಪ್ಪ ನೆಲ ನೋಡಿದ. ಅಣವೀರಪ್ಪ ಅಳಿಯನ ಹೆಗಲ ಮೇಲೆ ಕೈ ಹಾಕಿದ. ಈ ಸಲ ಒತ್ತಿ ನೋಡಲಿಕ್ಕಲ್ಲ, ಸುಮ್ಮನೆ ಹಾಕಿದ.

"ಇಷ್ಟು ದಿನ ಇವನೊಬ್ಬನೇ ಇದ್ದ," ಎಂದ. "ಈಗ ಜೋಡಿ ಆಗೀವಿ. ಎರಡು ಬಾಟ್ಲಿ ಕೊಡ್ರಿ."